ಗಂಗವ್ವನಿಗೆ ಓದದೆ ಬಿಟ್ಟ ಪುಟಗಳು

ಗಂಗವ್ವ, ಆ ಕಾದಂಬರಿಯ ಪಾರ್ವತಿ ಬಾವಿಗೆ ಹಾರಲಿಲ್ಲ. ಹಾರಿದಳೆಂದು ನಿನಗೆ ಓದಿ ಹೇಳಿದ್ದು ಸುಳ್ಳು. ಪುಸ್ತಕದಲ್ಲಿ ಅವಳು ಎರಡನೆಯ ಮದುವೆಯಾಗಿ, ಮುದುಕಿಯಾಗುವವರೆಗೂ ಸುಖವಾಗಿ ಬಾಳಿದಳು.

ಆಗಿನ್ನೂ ಜಮಖಂಡಿ ಸಂಸ್ಥಾನವಿತ್ತು. ಬನಹಟ್ಟಿಯ ನಮ್ಮ ಮನೆಯಲ್ಲಿ ನಾಲ್ಕು ಮಗ್ಗ. ಗಂಡ ಸತ್ತು ಅಣ್ಣನ ಮನೆಗೆ ಮರಳಿದ್ದ ನೀನು, ನನ್ನ ನಾದಿನಿ, ಮಧ್ಯಾಹ್ನವೆಲ್ಲ ರಾಟಿಯ ಮುಂದೆ ಕೂತು ಲಾಳಿಗೆ ಬೇಕಾದ ನೂಲು ಸುತ್ತುತ್ತಿದ್ದೆ. ನಿನಗೆ ಓದು ಬರದು. ಮಾಸ್ತರಿಕೆಯಲ್ಲಿದ್ದ ನನ್ನ ತಮ್ಮ ತರುತ್ತಿದ್ದ ಕಾದಂಬರಿಗಳನ್ನು ನಾನು ಓದುತ್ತಿದ್ದೆ, ನೀನು ಕೇಳುತ್ತಿದ್ದೆ.

ಪಾಳುವಾಡೆಯ ದೆವ್ವದ ಕಥೆಗಳು ನನಗೆ ಹಿಡಿಸುತ್ತಿರಲಿಲ್ಲ. ಬೇಡವೆಂದ ಬಾಗಿಲನ್ನೇ ಕಥೆಯ ಹುಡುಗಿ ತೆರೆದಾಗ, "ಆಕಿಗೆ ಬ್ಯಾರೆ ಕೆಲಸಿಲ್ಲೇನ್ರಿ ವೈನಿ?" ಎಂದು ನೀನು ನಗುತ್ತಿದ್ದೆ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಯಾರೆಂದು ಮೊದಲೇ ಗೊತ್ತಾದರೂ ಸಾರು ಸೀಯುವ ತನಕ ನಾನು ಪುಸ್ತಕ ಬಿಡುತ್ತಿರಲಿಲ್ಲ. ಪ್ರೇಮದ ಕಥೆಗಳಿಗೆ ನಾನು ಮೂಗು ಮುರಿಯುತ್ತಿದ್ದೆ — ಆದರೆ ವಿಧವೆ ಪಾರ್ವತಿಯ ಕಥೆಯನ್ನು ನಿನಗೆ ಓದಿ ಹೇಳುವ ಮೊದಲೇ, ಕದ್ದು, ಕೊನೆಯವರೆಗೆ ಓದಿ ಮುಗಿಸಿದ್ದೆ. ಓದಿ ಅತ್ತಿದ್ದೆ ಕೂಡ.

ಆ ವಾರವೇ ತೇರದಾಳದ ನೇಕಾರನೊಬ್ಬ ನಿನ್ನನ್ನು ಕೇಳಿ ಬಂದ. ಹೆಂಡತಿ ತೀರಿಕೊಂಡವನು, ಸಾಧು ಮನುಷ್ಯ. ವಿಧವೆಗೆ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಿಕಿ ನಮ್ಮಲ್ಲಿ ಹೊಸದೇನಲ್ಲ. ನಿನ್ನ ಅಣ್ಣ, ಅಂದರೆ ನಮ್ಮ ಮನೆಯವರು, ಒಪ್ಪಿದ್ದರು. ನೀನು ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದೆ:

"ಪಾರ್ವತೀದು ಕಡೀಕ ಏನಾಕ್ಕೈತಿ ಕೇಳ್ತೀನ್ರಿ ವೈನಿ. ಆಮ್ಯಾಲೆ ಅಣ್ಣಗ ಹೇಳ್ತೀನಿ."

ನಾನು ಪುಸ್ತಕ ತೆರೆದೆ. ನೀನು ಹೋದರೆ ನಾಲ್ಕು ಮಗ್ಗದ ನೂಲು ನನ್ನ ಕೊರಳಿಗೆ. ಮತ್ತೆ ಓದುವುದೆಲ್ಲಿ, ಕೂರುವುದೆಲ್ಲಿ — ತಲೆಯಲ್ಲಿದ್ದದ್ದು ಇಷ್ಟೇ. ಕಣ್ಣು ಪುಟದ ಮೇಲಿತ್ತು, ಬಾಯಿ ಬೇರೆ ಹೇಳಿತು. ಎರಡನೆಯ ಗಂಡ ಅವಳನ್ನು ಹೊಡೆದ, ಊರು ಉಗುಳಿತು, ಅವಳು ಬಾವಿಗೆ ಹಾರಿದಳು... ನಿನ್ನ ರಾಟಿ ನಿಂತಿತು. ನಾನು ತಲೆಯೆತ್ತಲಿಲ್ಲ.

"ಬ್ಯಾಡಂತ ಹೇಳಿಬಿಡ್ರಿ," ಎಂದೆ ನೀನು.

ನಾನೇ ಹೋಗಿ ನಿನ್ನ ಅಣ್ಣನಿಗೆ ಹೇಳಿದೆ. ಆ ನೇಕಾರ ಬೇರೆ ಕಡೆ ಮದುವೆಯಾದ. ಅವನ ಹೆಂಡತಿಯನ್ನು ಸಂತೆಯಲ್ಲಿ ಕಂಡಿದ್ದೇನೆ, ಪಾರ್ವತಿಯ ಹಾಗೇ ತುಂಬಿದ ಮುಖ. ನೀನು ಇನ್ನೂ ಇದೇ ಮನೆಯಲ್ಲಿ ನೂಲು ಸುತ್ತುತ್ತಿರುವೆ. ಬೆರಳು ಸೊಟ್ಟಗಾಗಿವೆ. ಆಮೇಲೆ ನಾನು ಎಷ್ಟೋ ಕಾದಂಬರಿ ಓದಿದೆ — ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಪ್ರತಿ ಪುಸ್ತಕದ ಕೊನೆಗೆ ಬಂದಾಗ ಆ ನಿಂತ ರಾಟಿ ನೆನಪಾಗುತ್ತದೆ. ಸಾಕಾಗಿದೆ, ಗಂಗವ್ವ.

ಆ ಪುಸ್ತಕ ಟ್ರಂಕಿನಲ್ಲಿದೆ. ಇಂದು ಊಟವಾದ ಮೇಲೆ ಅದನ್ನೂ ಈ ಹಾಳೆಯನ್ನೂ ತಂದು ನಿನ್ನೆದುರು ಕೂರುತ್ತೇನೆ. ನಿನಗೆ ಓದು ಬರದು, ಇದನ್ನೂ ನಾನೇ ಓದಿ ಹೇಳಬೇಕು. ನಿನ್ನ ಮುಖ ನೋಡಿಕೊಂಡು ಓದುತ್ತೇನೆ. ಒಂದು ಸಾಲೂ ಬಿಡುವುದಿಲ್ಲ.