ಪಾವಡಿಯಲ್ಲಿ ಕಿಕ್‌ಫ್ಲಿಪ್

ಆ ಸ್ಕೇಟ್‌ಬೋರ್ಡ್ ನನ್ನದಲ್ಲ. ಮಗಳಿಗೆ ಹನ್ನೆರಡು ತುಂಬಿದಾಗ ಕೊಯಮತ್ತೂರಿನಲ್ಲಿರುವ ನನ್ನ ತಮ್ಮ ತಂದುಕೊಟ್ಟದ್ದು. ಮೂರು ವಾರ ಅವಳು ಅದರ ಮೇಲಿಂದ ಇಳಿಯಲೇ ಇಲ್ಲ. ನಾಲ್ಕನೆಯ ವಾರ ಮೊಣಕಾಲು ತರಚಿಕೊಂಡು ಬಂದು, "ಪೋದುಮ್ಮಾ, ವಲಿಕ್ಕುದು" ಅಂದವಳು ಅದನ್ನು ಚಪ್ಪಲಿ ಗೂಡಿನ ಪಕ್ಕ ನಿಲ್ಲಿಸಿಬಿಟ್ಟಳು. ಮನೆಯಲ್ಲಿ ನಾವೆಲ್ಲ ಕನ್ನಡ ಆಡಿದರೂ, 'ಸಾಕು, ನೋಯುತ್ತೆ' ಅನ್ನುವಂಥ ಮಾತುಗಳು ಅವಳ ಬಾಯಿಗೆ ತಮಿಳಿನಲ್ಲೇ ಬರುತ್ತವೆ.

ನನಗಾಗ ಮೂವತ್ತೆಂಟು. ಸೇಲಂನಿಂದ ದಿನಾ ಧರ್ಮಪುರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲೊಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಹೋಗುವಾಗ ಒಂದೂವರೆ ಗಂಟೆ, ಬರುವಾಗ ತೊಪ್ಪೂರು ಘಾಟಿಯಲ್ಲಿ ಲಾರಿಗಳು ಸಾಲುಗಟ್ಟಿದರೆ ಎರಡೂವರೆ. ಮನೆಗೆ ಬಂದು ಅಡಿಗೆ, ಪಾತ್ರೆ, ಮಗಳ ಹೋಂವರ್ಕ್. ಒಂದು ಭಾನುವಾರ ಕಸ ಗುಡಿಸುತ್ತ ಆ ಬೋರ್ಡನ್ನು ಸರಿಸಲು ಹೋಗಿ, ಯಾಕೋ ಅದರ ಮೇಲೆ ನಿಂತೆ. ಗೋಡೆ ಹಿಡಿದುಕೊಂಡು ನಾಲ್ಕಡಿ ಜಾರಿದೆ. ಎಷ್ಟೋ ವರ್ಷದಿಂದ ಯಾರೋ ಒತ್ತಿ ಹಿಡಿದಿದ್ದ ಹೆಗಲು ಒಂದು ಕ್ಷಣ ಸಡಿಲವಾದಂತಾಯಿತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಕೇಳಿದರೆ ನನ್ನ ಹತ್ತಿರ ಇಲ್ಲ.

ನಮ್ಮದು ಕನ್ನಡ ಆಡುವ ನೇಕಾರರ ಬೀದಿ. ಬೀದಿಯ ಕೊನೆಗೆ ಪಾವಡಿ ಇದೆ. ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುವ ಬಯಲು ಅದು. ಈಗ ಬಹಳ ಜನ ಹಾಸನ್ನು ಸಿದ್ಧವಾಗಿಯೇ ತರಿಸಿಕೊಳ್ಳುತ್ತಾರೆ, ಹಾಗಾಗಿ ವಾರದ ಹೆಚ್ಚು ದಿನ ಖಾಲಿ. ಒಂದು ಬದಿಗೆ ಸಿಮೆಂಟು ಹಾಕಿದ್ದಾರೆ. ಬೆಳಿಗ್ಗೆ ಐದೂವರೆಗೆ ಹೋದರೆ ಆರೂಕಾಲರವರೆಗೆ ನನಗೆ ಸಿಗುತ್ತಿತ್ತು. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು, ಮಗಳ ಹಳೆಯ ಶಾಲೆ ಶೂ ಹಾಕಿಕೊಂಡು ಹೋಗುತ್ತಿದ್ದೆ. ಅವಳ ಪಾದ ಆಗಲೇ ನನ್ನದಕ್ಕಿಂತ ದೊಡ್ಡದು.

ಉರುಳಿಸಿಕೊಂಡು ಹೋಗುವುದು ಒಂದು ತಿಂಗಳಿಗೆ ಬಂತು. ಬೋರ್ಡಿನ ಸಮೇತ ಮೇಲಕ್ಕೆ ಹಾರುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಕಿಕ್‌ಫ್ಲಿಪ್‌ಗೆ ಕೈಹಾಕಿದೆ. ಹಿಂದಿನ ಕಾಲಿನಿಂದ ಬೋರ್ಡಿನ ಬಾಲವನ್ನು ನೆಲಕ್ಕೆ ಬಡಿದು ಹಾರಬೇಕು, ಮುಂದಿನ ಕಾಲಿನ ತುದಿಯಿಂದ ಅಂಚನ್ನು ಒದೆಯಬೇಕು, ಬೋರ್ಡು ಗಾಳಿಯಲ್ಲಿ ಒಂದು ಸುತ್ತು ಮಗುಚಿ ಮತ್ತೆ ನೆಟ್ಟಗಾಗುವ ಹೊತ್ತಿಗೆ ಎರಡೂ ಕಾಲು ಅದರ ಮೇಲಿರಬೇಕು. ಫೋನಿನ ವಿಡಿಯೋದಲ್ಲಿ ಇದು ಒಂದು ಸೆಕೆಂಡೂ ಇಲ್ಲ. ನನಗೆ ಬೋರ್ಡು ಸುತ್ತುತ್ತಿತ್ತು, ಮುಂದಿನ ಕಾಲೂ ಅದರ ಮೇಲೆ ಬೀಳುತ್ತಿತ್ತು. ಹಿಂದಿನ ಕಾಲು ಮಾತ್ರ ಪ್ರತಿ ಸಲವೂ ನೆಲಕ್ಕೇ ಇಳಿಯುತ್ತಿತ್ತು. ಬೇಡ ಅಂದರೂ ಇಳಿಯುತ್ತಿತ್ತು. ಭಯ ಆ ಕಾಲಿಗೆ, ನನಗಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಬೋರ್ಡಿನ ಅಂಚು ಬಡಿದು ಬಡಿದು ಮೊಣಕಾಲಿನ ಕೆಳಗಿನ ಎಲುಬು ನೀಲಿಗಟ್ಟಿತು. ಲ್ಯಾಬಿನಲ್ಲಿ ಜೊತೆಯವರು ಮನೆಯಲ್ಲಿ ಏನಾದರೂ ಹೊಡೆದಾಟವಾ ಎಂದು ಮೆಲ್ಲಗೆ ಕೇಳಿದರು.

ಹಾಸು ಕಟ್ಟುವ ದಿನಗಳಲ್ಲಿ ವಯಸ್ಸಾದವರೊಬ್ಬರು ಪಾವಡಿಗೆ ಬೇಗ ಬರುತ್ತಿದ್ದರು. ಗೂಟ ಬಡಿಯುತ್ತ ನನ್ನ ಕಡೆ ನೋಡುತ್ತಿದ್ದರು.

"ಇನ್ನೂ ಬರ್ಲಿಲ್ವಾಮ್ಮ ಅದು?"

"ಇಲ್ಲ ತಾತ."

"ಎಷ್ಟು ತಿಂಗ್ಳಾತು?"

"ಏಳು."

"ಏಳು ತಿಂಗ್ಳಾಗೆ ನಾನು ಮಗ್ಗಾನೇ ಕಲ್ತುಬುಟ್ಟಿದ್ದೆ," ಎಂದು ಅವರು ಮತ್ತೆ ಗೂಟಕ್ಕೆ ಬಗ್ಗಿದರು. ಗೇಲಿಯಲ್ಲ, ಇದಕ್ಕೆ ಇಷ್ಟು ದಿನ ಯಾಕೆಂದು ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಎಂಟನೆಯ ತಿಂಗಳು ಬಿದ್ದೆ. ಬೋರ್ಡು ಮುಂದಕ್ಕೆ ಜಾರಿತು, ನಾನು ಹಿಂದಕ್ಕೆ ಉರುಳಿ ಎಡಗೈ ಊರಿದೆ. ಮಣಿಕಟ್ಟು ಮುರಿಯಿತು. ಆರು ವಾರ ಕಟ್ಟು. ಒಂದು ಕೈಯಲ್ಲಿ ರಕ್ತ ತೆಗೆಯಲಾಗದ್ದರಿಂದ ಲ್ಯಾಬಿನಲ್ಲಿ ಟೋಕನ್ ಕೊಡುವ ಕಡೆ ಕೂರಿಸಿದರು. ಗಂಡ ಎಕ್ಸ್‌ರೇ ನೋಡಿ, "ಬೇಕಾಗಿತ್ತಾ ಇದು?" ಅಂದದ್ದು ಬಿಟ್ಟರೆ ಮತ್ತೇನೂ ಹೇಳಲಿಲ್ಲ. ಹೇಳಿದ್ದೆಲ್ಲ ಅತ್ತೆ.

ಅತ್ತೆ ನಲವತ್ತು ವರ್ಷ ಮಗ್ಗದಲ್ಲಿ ಕೂತವರು. ಕಣ್ಣು ಮಂಜಾದ ಮೇಲೆ ಬಿಟ್ಟರು. ಆ ಆರು ವಾರವೂ ದಿನಾ ಬೆಳಿಗ್ಗೆ ನನಗೆ ತಲೆ ಬಾಚಿ ಜಡೆ ಹಾಕಿದರು. ಬಾಚಣಿಗೆ ಎಳೆದಷ್ಟೂ ಮಾತು ಬಿರುಸಾಗುತ್ತಿತ್ತು.

"ವಯಸ್ಸಿಗೆ ಬರೋ ಮಗಳ್ನ ಇಟ್ಕಂಡು ಬೀದ್ಯಾಗೆ ಕುಣೀತಾಳೆ ಅಂತಾರೆ. ನಿಂಗೇನು ಬುದ್ಧಿ ಐತಾ?"

ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿ ಸರಿಮಾಡಿಕೊಂಡೆ.

"ಕೇಳ್ತಾ ಇವ್ನಿ ಕಣಮ್ಮ. ಅದ್ರಾಗೆ ಅಂಥಾದ್ದು ಏನೈತೆ?"

"ಗೊತ್ತಿಲ್ಲ ಅತ್ತೆ. ಅದ್ರ ಮೇಲೆ ಇರೋವಾಗ ಬಸ್ಸು, ಸಾರು, ಲ್ಯಾಬು ಯಾವುದೂ ತಲೆಗೆ ಬರಲ್ಲ."

ಬಾಚಣಿಗೆ ನಿಂತಿತು. ಅವರು ಜಡೆಯನ್ನು ಎಂದಿಗಿಂತ ಬಿಗಿಯಾಗಿ ಹೆಣೆದು, ರಬ್ಬರ್ ಬ್ಯಾಂಡ್ ಹಾಕಿ, ಎದ್ದು ಹೋದರು.

ಕಟ್ಟು ಬಿಚ್ಚಿದ ಮೇಲೆ ಮೂರು ವಾರ ಬೋರ್ಡು ಮುಟ್ಟಲಿಲ್ಲ. ಮುಟ್ಟುವ ಆಸೆಯೂ ಇರಲಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲಿ ಸಿಗುವ ಆ ಮುಕ್ಕಾಲು ಗಂಟೆ ನಿದ್ದೆ ಹಿತವಾಗಿತ್ತು. ಆದರೂ ಒಂದು ದಿನ ಎದ್ದೆ. ಶೂ ಹಾಕಿಕೊಳ್ಳುತ್ತಿದ್ದಾಗ ಅತ್ತೆ ಚಾದರ ಹೊದ್ದು ಬಾಗಿಲಲ್ಲಿ ನಿಂತಿದ್ದರು. ಬೈಗುಳ ಕೇಳಲು ತಯಾರಾದೆ.

"ನಡಿ, ನಾನೂ ಬತ್ತೀನಿ."

"ನೀವ್ಯಾಕೆ ಅತ್ತೆ?"

"ಬಿದ್ರೆ ಎತ್ತಾಕೆ ಯಾರಾರ ಬ್ಯಾಡ್ವಾ?"

ನನ್ನನ್ನು ಎತ್ತುವಷ್ಟು ಬಲ ಅವರಿಗಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅಂದಿನಿಂದ ಅವರು ಪಾವಡಿಯ ಕಲ್ಲಿನ ಮೇಲೆ ಕೂತು ತೂಕಡಿಸತೊಡಗಿದರು. ಹಾಸಿನ ದಿನಗಳಲ್ಲಿ ಆ ತಾತನ ಜೊತೆ ನೂಲಿನ ಮಾತು, ಸತ್ತವರ ಮಾತು. ನಾನು ಬಡಿಯುತ್ತಿದ್ದೆ, ಹಾರುತ್ತಿದ್ದೆ, ಹಿಂದಿನ ಕಾಲು ಇಳಿಯುತ್ತಿತ್ತು. ಕೈ ಮುರಿದ ಮೇಲೆ ಭಯ ಹೆಚ್ಚಾಗಿತ್ತು. ಕೆಲವು ದಿನ ಹತ್ತು ಸಲ ಮಾಡುವುದರೊಳಗೆ ಸುಸ್ತಾಗಿ, ನಾನೂ ಹೋಗಿ ಆ ಕಲ್ಲಿನ ಮೇಲೆ ಅತ್ತೆಯ ಪಕ್ಕ ಸುಮ್ಮನೆ ಕೂತು ಬರುತ್ತಿದ್ದೆ.

ಹದಿನಾಲ್ಕನೆಯ ತಿಂಗಳ ಒಂದು ಗುರುವಾರ ಅದು ಬಂತು. ಆ ದಿನ ವಿಶೇಷವೇನೂ ಇರಲಿಲ್ಲ. ಹಿಂದಿನ ದಿನ ಬಸ್ಸು ಕೆಟ್ಟು ಘಾಟಿಯಲ್ಲಿ ನಿಂತೇ ಕಳೆದಿದ್ದರಿಂದ ಕಾಲು ಸೀಸದಂತಿದ್ದವು. ಹೆದರುವುದಕ್ಕೂ ತ್ರಾಣ ಇರಲಿಲ್ಲವೇನೋ. ಬಾಲ ಬಡಿದೆ, ಒದ್ದೆ, ಬೋರ್ಡು ಸುತ್ತಿತು, ನೋಡಿದರೆ ಎರಡೂ ಕಾಲು ಅದರ ಮೇಲಿದ್ದವು. ಬೋರ್ಡು ಎರಡು ಮಾರು ಮುಂದಕ್ಕೆ ಉರುಳಿತು. ಇಳಿದು ಅಲ್ಲೇ ಸಿಮೆಂಟಿನ ಮೇಲೆ ಕೂತುಬಿಟ್ಟೆ. ಕುಣಿದಾಡುತ್ತೇನೆ ಅಂದುಕೊಂಡಿದ್ದೆ. ಸುಮ್ಮನೆ ಉಸಿರು ಬಿಡುತ್ತ ಕೂತೆ. ಕಣ್ಣಲ್ಲಿ ನೀರು ಬಂದದ್ದು ಆಮೇಲೆ ಗೊತ್ತಾಯಿತು.

ಅತ್ತೆ ತಲೆ ಎತ್ತಿದರು. "ಬಿದ್ಯಾ?"

"ಇಲ್ಲ ಅತ್ತೆ. ಬಂತು."

"ಇನ್ನೊಂದು ಕಿತ ಮಾಡು, ನೋಡನ."

ಹದಿನೈದು ಸಲ ಮಾಡಿದೆ. ಒಂದೂ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತು. ಅವರ ಕೈ ಹಿಡಿದುಕೊಂಡು ಮನೆಗೆ ನಡೆದೆ.

ಸಾಯಂಕಾಲ ಮಗಳಿಗೆ ಹೇಳಿದಾಗ ಅವಳು ಮೊದಲು ಕೇಳಿದ್ದು ವಿಡಿಯೋ. ಇಲ್ಲ ಅಂದೆ. "ಅಪ್ಪೊ ನಾ ನಂಬ ಮಾಟ್ಟೇನ್," ಎಂದು ನಕ್ಕಳು. ಹಾಗಾದರೆ ನಂಬಲ್ಲವಂತೆ.

ಬಾಗಿಲ ಬಳಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಅಲ್ಲಿಂದಲೇ ಅಂದರು: "ನಾನು ಸದ್ದು ಕೇಳಿವ್ನಿ ಕಣೇ. ಇಳಿಯೋವಾಗ ದಿನಾ ಎರಡು ಸದ್ದು ಬತ್ತಿತ್ತು, ಹಲಗೇದೊಂದು, ಅದ್ರ ಹಿಂದೆ ಕಾಲಿಂದೊಂದು. ಇವತ್ತು ಒಂದು ಕಿತ ಒಂದೇ ಬಂತು."

ಮಗಳು ಅಜ್ಜಿಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಒಂದು ಲೋಟ ನೀರು ತಂದು ನನ್ನ ಕೈಗಿಟ್ಟಳು.

ಈಗ ಇಪ್ಪತ್ತು ಸಲಕ್ಕೆ ಒಂದು ಸಲ ಬರುತ್ತದೆ. ಚಳಿ ಬಿದ್ದರೆ ಮಣಿಕಟ್ಟು ನೋಯುತ್ತದೆ. ಕೆಲವು ವಾರ ಪಾವಡಿಗೆ ಹೋಗುವುದೇ ಇಲ್ಲ, ಅಲಾರಂ ಆರಿಸಿ ಮಗ್ಗುಲು ಬದಲಿಸಿ ಮಲಗಿಬಿಡುತ್ತೇನೆ. ಪಾವಡಿಗೆ ಹೋದ ದಿನ ಬಸ್ಸು ಹತ್ತಿದ್ದೇ ತಡ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗುತ್ತೇನೆ, ಕಂಡಕ್ಟರ್ ಧರ್ಮಪುರಿ ಎಂದು ಕೂಗುವವರೆಗೆ.