ಹುಟ್ಟದ ಬೋರ್ಡಿನ ಬ್ರೇಕು

ಕಲ್ಯಾಣ ನಗರದ ವಿಮಲಾಕ್ಷಿಗೆ ದಿಗಿಲೆಂಬುದು ಹುಟ್ಟುಗುಣ. ಬೀಗ ಹಾಕಿ ಮೆಟ್ಟಿಲಿಳಿದವಳು ಮತ್ತೆ ಹತ್ತಿ ಅದನ್ನು ಜಗ್ಗಿ ನೋಡದೆ ದೊಡ್ಡನೆಕ್ಕುಂದಿಯ ಆಫೀಸಿಗೆ ಹೊರಟವಳೇ ಅಲ್ಲ. ಅವಳ ಕೆಲಸಕ್ಕೆ ಬೇಕಾದ್ದೂ ಅದೇ ಗುಣ, ನೋಡಿ! ಇನ್ನೂ ತಯಾರಾಗದ ಸರ್ಕ್ಯೂಟ್ ಬೋರ್ಡನ್ನು ಪ್ರೊಸೆಸರ್, ಮೆಮೊರಿ ಸಮೇತ ಕಂಪ್ಯೂಟರಿನೊಳಗೇ ಕಟ್ಟಿ, ಅದರಲ್ಲಿ ಅಸಲಿ ಸಾಫ್ಟ್‌ವೇರ್ ಓಡಿಸಿ, ಇದನ್ನು ಮಾಡಿಸಬಹುದೋ ಬೇಡವೋ ಎಂದು ಹೇಳುವುದು. ಈ ಸಲದ್ದು ಎಲೆಕ್ಟ್ರಿಕ್ ಆಟೋಗಳ ಬ್ರೇಕ್ ನೋಡಿಕೊಳ್ಳುವ ಬೋರ್ಡು. ಅಗ್ಗದ ಮೆಮೊರಿ ಹಾಕಿದರೂ ಬ್ರೇಕು ತಕ್ಷಣ ಹಿಡಿಯುತ್ತದೆಂದು ಅವಳು ಬರೆದುಕೊಟ್ಟಾಗಿತ್ತು. ಮಧ್ಯಾಹ್ನದ ಮೀಟಿಂಗಿನಲ್ಲಿ ಮ್ಯಾನೇಜರ್ ಚಂದ್ರಶೇಖರಯ್ಯ ಒಪ್ಪಿಗೆ ಕೊಟ್ಟರೆ ಬೋರ್ಡು ಕಾರ್ಖಾನೆಗೆ.

ಬೆಳಿಗ್ಗೆ ಕಾಫಿ ಹಿಡಿದು ಆ ಪರೀಕ್ಷೆ ಓಡಿಸುವ ತನ್ನ ಸ್ಕ್ರಿಪ್ಟನ್ನು ಇನ್ನೊಮ್ಮೆ ನೋಡಿದಳು. ಬೋರ್ಡು ಬೂಟ್ ಆಗಿ ಕೆಲಸ ಶುರುಮಾಡುವವರೆಗೆ ಕಾಯಲಾರದೆ ಈ ಕೆಲಸದವರೆಲ್ಲ ಫಾಸ್ಟ್ ಮೋಡಿನಲ್ಲಿ ಓಡಿಸುತ್ತಾರೆ. ಅಲ್ಲಿ ಮೆಮೊರಿ ಕೇಳಿದ್ದೇ ತಡ ಉತ್ತರ ಕೊಡುತ್ತದೆ. ಅದೆಲ್ಲ ಬರೀ ಸುಳ್ಳು; ಅಸಲಿ ಮೆಮೊರಿ, ಅದರಲ್ಲೂ ಅಗ್ಗದ್ದು, ತಡಮಾಡಿಯೇ ಕೊಡುವುದು. ಬ್ರೇಕು ಹಿಡಿಯಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಮುಂಚೆ ನಿಧಾನದ, ಕರಾರುವಾಕ್ಕಾದ ಮೋಡಿಗೆ ಬದಲಿಸಲೇಬೇಕು. ಬದಲಿಸುವ ಆ ಸಾಲೇ ಅಲ್ಲಿರಲಿಲ್ಲ!

ಮ್ಯಾನೇಜರ್ ಕೋಣೆಗೆ ಓಡಿದಳು. “ಸರ್, ಇವತ್ತು ಒಪ್ಪಿಗೆ ಕೊಡ್ಬೇಡಿ. ನಾನು ಅಳೆದಿದ್ದೇ ತಪ್ಪು.”

“ಏನಮ್ಮಾ ಇದು, ಈಗ ಬಂದು ಹೇಳ್ತಿದೀರಾ! ಬ್ರೇಕ್ ಹಿಡಿಯಲ್ವಾ?”

“ಗೊತ್ತಿಲ್ಲ ಸರ್. ಗೊತ್ತಿಲ್ಲ ಅಂತ ಹೇಳಕ್ಕೇ ಬಂದೆ.”

ಚಂದ್ರಶೇಖರಯ್ಯ ಗೊಣಗುತ್ತಲೇ ಮೀಟಿಂಗ್ ಮುಂದೂಡಿದರು. ನಿಧಾನದ ಓಟ ಮುಗಿಯುವಷ್ಟರಲ್ಲಿ ಮರುದಿನ ಸಂಜೆಯಾಯಿತು. ಅಲ್ಲಿಯವರೆಗೆ ವಿಮಲಾಕ್ಷಿಗೆ ಊಟ ಸೇರಲಿಲ್ಲ. ಬೋರ್ಡು ಸೋಲಲಿ, ಸುಮ್ಮನೆ ಗದ್ದಲ ಎಬ್ಬಿಸಿದವಳು ಅನ್ನಿಸಿಕೊಳ್ಳದಿರಲಿ ಎಂದು ಒಳಗೊಳಗೇ ಬೇಡಿಕೊಂಡಳು. ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಕೊನೆಗೆ ಬೋರ್ಡು ಸೋತಿತು. ಬ್ರೇಕು ಹಿಡಿಯುವ ಹೊತ್ತಿಗೆ ಆಟೋ ಒಂದು ಆಳುದ್ದ ಮುಂದೆ ಹೋಗಿರುತ್ತಿತ್ತು.

“ಸದ್ಯ, ಉಳಿಸಿದ್ರಿ ಕಣಮ್ಮಾ,” ಎಂದರು ಚಂದ್ರಶೇಖರಯ್ಯ. “ಅದ್ಸರಿ, ಈ ಸ್ಕ್ರಿಪ್ಟ್ ಈ ಬೋರ್ಡಿಗೇ ಅಂತ ಬರೆದಿದ್ದಾ?”

“ಇಲ್ಲ ಸರ್. ಹೋದ ವರ್ಷದ ಬೋರ್ಡಿಗೆ ಬರೆದಿದ್ನಲ್ಲ, ಅದೇ...”

ಅದೇ ಸ್ಕ್ರಿಪ್ಟಿನಲ್ಲಿ ಅಳೆದು ಪಾಸು ಮಾಡಿದ್ದ ಹೋದ ವರ್ಷದ ಬ್ರೇಕ್ ಬೋರ್ಡು ಹೊತ್ತ ಆಟೋಗಳು ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಆಗಲೇ ಜನರನ್ನು ಕೂರಿಸಿಕೊಂಡು ಓಡಾಡುತ್ತಿದ್ದವು.

ಚಂದ್ರಶೇಖರಯ್ಯನವರ ಮುಖ ಬಿಳಿಚಿಕೊಂಡಿತು. “ಗಾಬರಿ ಬೇಡ. ಅದನ್ನೂ ನಿಧಾನವಾಗಿ ಓಡಿಸಿ ನೋಡಿ. ನಾಳೆ ಸಂಜೆ ಗೊತ್ತಾಗತ್ತೆ.”

ವಿಮಲಾಕ್ಷಿ ಫೋನ್ ಎತ್ತಿಕೊಂಡಳು. “ನಾಳೆ ಸಂಜೆವರೆಗೂ ಅವು ರಸ್ತೇಲಿರ್ತವೆ ಸರ್. ಯಾರಿಗೆ ಹೇಳಿದ್ರೆ ನಿಲ್ಲಿಸ್ತಾರೆ?”