ಪೇಪರಿನಲ್ಲಿ ಬಂದ ನಿದ್ದೆ

ನನ್ನ ಭಾವ ಲಾರಿ ಓಡಿಸುತ್ತಿದ್ದರು. ಸಿರುಗುಪ್ಪದ ಗಿರಣಿಗಳಿಂದ ಬಳ್ಳಾರಿಗೆ ಅಕ್ಕಿ ಮೂಟೆ ತರುವುದು, ಬಳ್ಳಾರಿಯಿಂದ ಅತ್ತ ಗೊಬ್ಬರವನ್ನೋ ಸಿಮೆಂಟನ್ನೋ ಒಯ್ಯುವುದು ಅವರ ಕೆಲಸ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಕಾಲೇಜು ಓದುವ ಹುಡುಗಿ ನಾನು, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅಕ್ಕ ಭಾವನ ಮನೆಯಲ್ಲೇ ಇದ್ದೆ.

ಭಾವ ದಪ್ಪ ಆಳು, ಕುತ್ತಿಗೆಯಂತೂ ಭುಜದೊಳಗೇ ಸೇರಿಹೋದಂತಿತ್ತು. ಬಲು ಮಾತುಗಾರರು. ಆದರೆ ಮಾತಿನ ನಡುವೆಯೇ ನಿದ್ದೆ ಹೋಗಿಬಿಡುತ್ತಿದ್ದರು. ಕ್ಷೌರಕ್ಕೆ ಕುಳಿತರೆ ಕ್ಷೌರಿಕ ಒಂದು ಕೈಯಲ್ಲಿ ಅವರ ತಲೆ ಹಿಡಿದುಕೊಂಡೇ ಕೆಲಸ ಮುಗಿಸಬೇಕಿತ್ತು. ಒಮ್ಮೆ ಬಂಧುಗಳ ಮದುವೆಯಲ್ಲಿ ತಾಳಿ ಕಟ್ಟಿದ್ದಾಗಿ ಎಲ್ಲರೂ ಊಟಕ್ಕೆ ಎದ್ದರೂ ಭಾವನ ಮುಷ್ಟಿಯೊಳಗಿನ ಅಕ್ಷತೆ ಹಾಗೇ ಇತ್ತು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅವರೂ ನಗುತ್ತಿದ್ದರು. ಆದರೆ ಒಮ್ಮೊಮ್ಮೆ ಅಕ್ಕನ ಹತ್ತಿರ, "ಎಷ್ಟ ಮಲಗಿದ್ರೂ ಮೈ ಹಗುರ ಆಗವಲ್ದು. ಮಲಗಿ ಎದ್ದಂಗ ಇಲ್ಲ, ಮೂಟಿ ಹೊತ್ತು ಎದ್ದಂಗ ಐತಿ" ಎನ್ನುತ್ತಿದ್ದರು. ಅದನ್ನೂ ನಾವು ತಮಾಷೆ ಎಂದೇ ತಿಳಿದಿದ್ದೆವು.

ಒಂದು ದಿನ ಮಧ್ಯಾಹ್ನ ಕುರುಗೋಡಿನ ಆಚೆ ಅವರ ಲಾರಿ ರಸ್ತೆ ಬಿಟ್ಟು ಭತ್ತದ ಗದ್ದೆಗೆ ಇಳಿದು ವಾಲಿಕೊಂಡಿತು. ಪುಣ್ಯಕ್ಕೆ ಎದುರು ಯಾರೂ ಇರಲಿಲ್ಲ. ಭಾವನ ಹಣೆಗೆ ಪೆಟ್ಟಾಗಿತ್ತು, ಅಷ್ಟೇ. ಮನೆಗೆ ಬಂದವರು ಗೋಡೆಗೆ ಒರಗಿ ಕುಳಿತು ಒಂದೇ ಮಾತು ಮತ್ತೆ ಮತ್ತೆ ಹೇಳಿದರು: "ಕಣ್ಣು ಮುಚ್ಚಿದ್ದ ಗೊತ್ತಾಗಲಿಲ್ಲ. ರೋಡ್ ಕಾಣಾಕ ಹತ್ತಿತ್ತು. ಆಮ್ಯಾಲ ನೋಡ್ತೀನಿ, ಗಾಜಿನ ತುಂಬ ಭತ್ತದ ತೆನಿ."

ಮರುದಿನ ಊರಿನ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ಕುಡಿದ ಮತ್ತಿನಲ್ಲಿದ್ದ ಚಾಲಕ ಲಾರಿಯನ್ನು ಗದ್ದೆಗೆ ನುಗ್ಗಿಸಿದನೆಂದೂ, ಹೊರಗೆಳೆದಾಗ ಅವನಿಗೆ ಸರಿಯಾಗಿ ಮಾತೇ ಹೊರಡುತ್ತಿರಲಿಲ್ಲವೆಂದೂ ಬರೆದಿದ್ದರು. ಹೆಸರು ಹಾಕಿರಲಿಲ್ಲ. ಆದರೆ ಯಾರ ಲಾರಿ ಎಂದು ಓಣಿಗೆಲ್ಲ ಗೊತ್ತಿತ್ತು. ಭಾವ ಪೇಪರನ್ನು ಮಡಚಿ ನನ್ನ ಕೈಗೆ ಕೊಟ್ಟು, ಅಂಗಿಯೊಳಗಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ಹೇಳಿದರು: "ಕೊಳ್ಳಾಗ ಲಿಂಗ ಕಟ್ಟಿಕೊಂಡಾವ ನಾನು. ಹೆಂಡದ ಅಂಗಡಿ ಮೆಟ್ಟಲಾ ಸೈತ ತುಳಿದಿಲ್ಲ." ಅವತ್ತಿನಿಂದ ಅವರು ಬಾಗಿಲ ಹೊರಗೆ ಕುಳಿತುಕೊಳ್ಳುವುದನ್ನು ಬಿಟ್ಟರು.

ಅಕ್ಕ ಸುಮ್ಮನಿರುವವಳಲ್ಲ. ನನ್ನನ್ನು ಜೊತೆಗೆ ಕರೆದುಕೊಂಡು ಪತ್ರಿಕೆಯ ಕಚೇರಿಗೇ ನಡೆದಳು. ಶಾಯಿಯ ವಾಸನೆಯ ಸಣ್ಣ ಕೋಣೆ. ಸುದ್ದಿ ಬರೆದವರು ಕನ್ನಡಕದ ಒಬ್ಬ ಸಭ್ಯ ಮನುಷ್ಯ. ನಮ್ಮನ್ನು ಕೂಡಿಸಿ ನೀರು ಕೊಟ್ಟರು.

"ಕುಡದಿದ್ರು ಅಂತ ನಿಮಗ ಯಾರು ಹೇಳಿದ್ರು?" ಅಕ್ಕ ಕೇಳಿದಳು.

"ಅಲ್ಲಿದ್ದ ಮಂದಿ ಹೇಳಿದ್ರಮ್ಮಾ. ತೊದಲತಿದ್ದ ಅಂದ್ರು. ಲಾರಿ ಡ್ರೈವರ್ ತೊದಲಾಕ ಹತ್ಯಾನ ಅಂದ ಮ್ಯಾಲ ನಾವು ಏನಂತ ತಿಳ್ಕೋಬೇಕು?"

"ನಿದ್ದಿಗಣ್ಣಾಗ ಎಬ್ಬಿಸಿದ್ರ ನೀವು ತೊದಲಂಗಿಲ್ಲೇನು?"

ಆತ ಕನ್ನಡಕ ತೆಗೆದು ಒರೆಸಿಕೊಂಡರು. "ಹಗಲೊತ್ತಿನಾಗ ನಿದ್ದಿ?"

"ನಮ್ಮನಿಗೆ ಬರ್ರಿ. ನೀವ ನೋಡ್ರಿ."

ನಾನು ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಆ ಭಾನುವಾರವೇ ಬಂದರು. ಭಾವ ಗೌರವದಿಂದ ಕೂಡಿಸಿ, ತಾವೂ ಎದುರಿಗೆ ಕುಳಿತರು. ಲಾರಿ ಗದ್ದೆಗೆ ಇಳಿದ ಕಥೆಯನ್ನು ಸಿರುಗುಪ್ಪದಿಂದ ಶುರುಮಾಡಿ, ತೆಕ್ಕಲಕೋಟೆಯವರೆಗೆ ತಂದರು. ಅಲ್ಲಿಗೆ ಬರುತ್ತಲೇ ಮಾತು ನಿಧಾನವಾಗಿ, ರೆಪ್ಪೆ ಇಳಿದು, ಕೈಯಲ್ಲಿದ್ದ ಚಹಾದ ಲೋಟ ವಾಲತೊಡಗಿತು. ಅಕ್ಕ ಅಭ್ಯಾಸಬಲದಿಂದ ಲೋಟ ತೆಗೆದುಕೊಂಡಳು. ಗೊರಕೆ ಶುರುವಾಯಿತು.

ಪತ್ರಿಕೆಯವರು ಬಾಗಿ ಭಾವನ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡಿದರು. ನನಗೆ ಸಿಟ್ಟು ಬಂತು. ಆದರೆ ಅವರ ಮುಖದಲ್ಲಿ ಈಗ ಇದ್ದದ್ದು ಅನುಮಾನವಲ್ಲ, ಹೊಸದೇನೋ ಕಂಡ ಬೆರಗು. "ಹಿಂಗೂ ಇರತೈತಾ!" ಎಂದರು.

ಅವರು ಎರಡನೇ ಸುದ್ದಿ ಬರೆದರು. ಮೊದಲಿನ ತಪ್ಪನ್ನು ಒಂದು ಸಾಲಿನಲ್ಲಿ ತಿದ್ದಿ, ಮಿಕ್ಕಿದ್ದನ್ನೆಲ್ಲ ಭಾವನ ನಿದ್ದೆಯ ವರ್ಣನೆಗೆ ಮೀಸಲಿಟ್ಟಿದ್ದರು. ತಲೆಬರಹ: 'ಬಳ್ಳಾರಿಯ ನಿದ್ರಾಸುರ'. ಕ್ಷೌರದ ಕಥೆ, ಅಕ್ಷತೆಯ ಕಥೆ ಎಲ್ಲವೂ ಇದ್ದವು. ಅವನ್ನು ಅವರಿಗೆ ಹೇಳಿದವರು ನಾವೇ.

ಜನ ಬರತೊಡಗಿದರು. ಸಂಗನಕಲ್ಲಿನಿಂದ ಒಂದು ಬಂಡಿಯ ತುಂಬ ಬಂದವರು, "ಮಲಗಿದ ಮ್ಯಾಲ ಕರೀರಿ, ಕಾಯ್ತೀವಿ" ಎಂದು ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಲಾರಿಯ ಮಾಲೀಕರು ಮೊದಲ ಸುದ್ದಿಯನ್ನು ನಂಬಿರಲಿಲ್ಲ, ಎರಡನೆಯದನ್ನು ನಂಬಿದರು. ಭಾವನಿಂದ ಬೀಗದ ಕೈ ವಾಪಸು ಪಡೆದರು. "ಕುಡಿಯೋ ಚಟ ಆಗಿದ್ರ ಬಿಡಿಸಬಹುದಿತ್ತು, ಈ ನಿದ್ದಿ ಹೆಂಗ ಬಿಡಿಸ್ಲಿ?" ಎಂದರಂತೆ. ಭಾವನಿಗೆ ಅವರ ಮೇಲೆ ಕೋಪ ಬರಲಿಲ್ಲ. "ಖರೇನ ಹೇಳ್ಯಾರ. ನನಗೂ ಅಂಜಿಕಿ ಬಂದೈತಿ" ಎಂದರು.

ನೋಡಲು ಬಂದವರಲ್ಲಿ ಬೇರೆ ಥರದವರೂ ಇದ್ದರು. ಅವರು ನಗುತ್ತಿರಲಿಲ್ಲ. ಎಲ್ಲರೂ ಹೋಗಲಿ ಎಂದು ಕಾದು, ಭಾವನ ಪಕ್ಕ ಕುಳಿತು ಮೆಲ್ಲಗೆ ಮಾತಾಡುತ್ತಿದ್ದರು. ಲಾರಿ ಡ್ರೈವರುಗಳು. ಆದವಾನಿ ಕಡೆಯ ಒಬ್ಬರು ತೆಲುಗು ಬೆರೆತ ಕನ್ನಡದಲ್ಲಿ, "ನನಗೂ ಹಿಂಗ ಐತಿ ಅನ್ನಾ. ಯಾರಿಗೂ ಹೇಳಿಲ್ಲ. ಹೇಳಿದ್ರ ಗಾಡಿ ಯಾರು ಕೊಡ್ತಾರ?" ಎಂದದ್ದು ನನ್ನ ಕಿವಿಯಲ್ಲಿದೆ. ಸಿರುಗುಪ್ಪದ ಒಬ್ಬ ಡ್ರೈವರನ ಹೆಂಡತಿ ಕೂಸನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಂದಿದ್ದಳು. "ನಮ್ಮನಿಯವ್ರು ಮಲಗಿದಾಗ ಉಸಿರು ನಿಂತು ಹೋಗತೈತ್ರಿ ಅಕ್ಕಾರ. ಸತ್ತೇ ಹೋದ್ರೇನೋ ಅಂತ ಅಲಗಾಡಸ್ತೀನಿ. ನಿಮ್ಮವ್ರಿಗೂ ಹಂಗೇನ್ರಿ?" ಎಂದು ಕೇಳಿದಳು.

ಅಕ್ಕ ನನ್ನ ಮುಖ ನೋಡಿದಳು. ನಾವು ಯಾವತ್ತೂ ಗಮನಿಸಿರಲಿಲ್ಲ. ಗೊರಕೆ ಕೇಳಿ ನಗುವುದೇ ಆಗಿತ್ತು.

ಅವತ್ತು ಊಟವಾದ ಮೇಲೆ ಭಾವ ಅಂಗಾತ ಮಲಗಿದಾಗ ನಾನು ಪಕ್ಕದಲ್ಲೇ ಕುಳಿತೆ. ಗೊರಕೆ ಏರುತ್ತ ಏರುತ್ತ ಹೋಗಿ ಫಕ್ಕನೆ ನಿಂತಿತು. ಎದೆ ಮೇಲೆ ಕೆಳಗೆ ಆಡುತ್ತಿತ್ತು, ಆದರೆ ಉಸಿರಿನ ಸದ್ದಿಲ್ಲ. ಮೂಗಿನ ಮುಂದೆ ಹಿಡಿದ ಬೆರಳಿಗೆ ಗಾಳಿ ತಾಕಲಿಲ್ಲ. ನಾನು ಅಕ್ಕನನ್ನು ಕೂಗುವಷ್ಟರಲ್ಲಿ ನೀರಿನಿಂದ ಮೇಲೆದ್ದವರ ಹಾಗೆ ಭಾವ ಜೋರಾಗಿ ಉಸಿರೆಳೆದು, ಮಗ್ಗುಲು ಅಲುಗಿಸಿ, ಮತ್ತೆ ಗೊರಕೆ ಹೊಡೆಯತೊಡಗಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಈ ಮನುಷ್ಯ ಮಲಗಿದಾಗಲೆಲ್ಲ ಹೀಗೆ ಮುಳುಗಿ ಏಳುತ್ತಿದ್ದಾನಲ್ಲ, ಇನ್ನು ಅವನ ಮೈ ಹಗುರಾಗುವುದು ಹೇಗೆ ಎಂದು ನನಗೆ ಆ ಕ್ಷಣ ಹೊಳೆಯಿತು.

ಭಾವನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ವೈದ್ಯರೊಬ್ಬರು ನಾನು ಹೇಳಿದ್ದನ್ನೆಲ್ಲ ಗಮನವಿಟ್ಟು ಕೇಳಿದರು. ಎರಡು ಸಲ ಕೇಳಿದರು. ಭಾವನ ಬಾಯಿ ತೆರೆಸಿ ಗಂಟಲು ನೋಡಿದರು. "ಮಲಗಿದಾಗ ಗಂಟಲ ದಾರಿ ಮುಚ್ಚಿಕೊಳ್ತಾ ಇರಬೇಕು. ನಾನು ಇಂಥದ್ದನ್ನು ಓದಿದ್ದೀನಿ, ನೋಡಿರಲಿಲ್ಲ. ಇದಕ್ಕೆ ಕೊಡೋಕೆ ನನ್ನ ಹತ್ತಿರ ಔಷಧ ಇಲ್ಲ" ಎಂದು ಒಪ್ಪಿಕೊಂಡರು. ಮೈ ಇಳಿಸಬೇಕು, ಅಂಗಾತ ಮಲಗಬಾರದು, ಸದ್ಯ ಲಾರಿ ಮುಟ್ಟಬಾರದು ಎಂದರು.

ನಿದ್ದೆಯಲ್ಲಿ ಅಂಗಾತ ಆಗುವುದನ್ನು ತಡೆಯುವುದು ಹೇಗೆ? ಅಕ್ಕ ಭಾವನ ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿದು, ಅದರೊಳಗೆ ಕೊಬ್ಬರಿ ಬಟ್ಟಲು ಇಟ್ಟಳು. ಭಾವ ಮೊದಲು ಗೊಣಗಿದರು. ಅಂಗಾತ ಹೊರಳಿದಾಗಲೆಲ್ಲ ಅದು ಬೆನ್ನಿಗೆ ಒತ್ತಿ, ಮತ್ತೆ ಮಗ್ಗುಲಿಗೆ ಬರುತ್ತಿದ್ದರು. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಎದ್ದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತ ಮಲಗಿ ಎದ್ದಂಗ ಆಗೇತಿ ನೋಡು" ಎಂದರು. ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಗಲಿನ ನಿದ್ದೆ ಪೂರ್ತಿ ಹೋಗಲಿಲ್ಲ. ಅರ್ಧಕ್ಕರ್ಧ ಇಳಿಯಿತು.

ನಾನು ಮತ್ತೆ ಪತ್ರಿಕೆಯ ಕಚೇರಿಗೆ ಹೋದೆ. ಉಸಿರಿನ ವಿಷಯ, ಬನಿಯನ್ನಿನ ವಿಷಯ, ಬಂದು ಹೋದ ಡ್ರೈವರುಗಳ ವಿಷಯ ಎಲ್ಲ ಹೇಳಿದೆ. ಅವರು ಆಸಕ್ತಿಯಿಂದಲೇ ಕೇಳಿದರು. ಕೊನೆಗೆ, "ಇದರಾಗ ಸುದ್ದಿ ಏನೈತಿ ಹೇಳು ತಂಗೀ? ಕುಡದ ಬಿದ್ರ ಸುದ್ದಿ, ಕೂತಲ್ಲೇ ಮಲಗಿದ್ರ ಸುದ್ದಿ. ಚಲೋ ನಿದ್ದಿ ಮಾಡಾಕ ಹತ್ಯಾನ ಅಂತ ಹೆಂಗ ಬರೀಲಿ?" ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ನನ್ನನ್ನೇ ಕೇಳುತ್ತಿದ್ದರು.

ಪೇಪರಿನಲ್ಲಿ ಬರದಿದ್ದರೂ ಮಾತು ಹರಡಿತು. ಗಿರಣಿಗಳಲ್ಲಿ ಲೋಡಿಗೆ ಕಾಯುವ ಡ್ರೈವರುಗಳ ಬಾಯಿಂದ ಬಾಯಿಗೆ ಹೋಯಿತು. ಜೇಬು ಹೊಲಿಸಿಕೊಳ್ಳಲು ಅಕ್ಕನ ಹತ್ತಿರ ಬನಿಯನ್ನು ತಂದವರಿದ್ದರು. ಕೆಲವರಿಗೆ ಗುಣ ಕಂಡಿತು, ಕೆಲವರಿಗೆ ಏನೂ ಆಗಲಿಲ್ಲ. ಭಾವ ಸಿರುಗುಪ್ಪದ ಗಿರಣಿಯೊಂದರಲ್ಲಿ ಲಾರಿ ತುಂಬಿಸುವ ಮೇಸ್ತ್ರಿಯಾದರು. ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ.

ನನ್ನ ಮದುವೆಯಾಗಿ ನಾನು ಕುರುಗೋಡಿಗೆ ಬಂದ ಮೇಲೆ ಅವರು ಆಗಾಗ ಬಸ್ಸಿನಲ್ಲಿ ಬಂದುಹೋಗುತ್ತಿದ್ದರು. ಯಾವಾಗಲೂ ಡ್ರೈವರನ ಹಿಂದಿನ ಸೀಟು, ಇಳಿಯುವ ತನಕ ಅವನ ಜೊತೆ ಮಾತು. ಒಮ್ಮೆ ನಾನೂ ಜೊತೆಗಿದ್ದಾಗ ಕಂಡಕ್ಟರ್ ಗದರಿದ: "ಯಜಮಾನ್ರ, ಡ್ರೈವರ್ ಜೋಡಿ ಮಾತಾಡಬ್ಯಾಡ್ರಿ ಅಂತ ಅಲ್ಲಿ ಬರದೈತಿ, ಓದಾಕ ಬರಂಗಿಲ್ಲೇನು?"

"ಬರತೈತಪ್ಪಾ" ಎಂದರು ಭಾವ. "ಅದನ್ನ ಬರದಾವ ಮಧ್ಯಾಹ್ನ ಉಂಡ ಮ್ಯಾಲ ನಿದ್ದಿ ತಡಕೊಂಡು ಗಾಡಿ ಹೊಡದಾನೋ ಇಲ್ಲೋ ಕೇಳು ಮೊದಲ."

ಡ್ರೈವರ್ ಹಿಂದೆ ತಿರುಗದೆ ಜೋರಾಗಿ ನಕ್ಕ. ಭಾವ ಮುಂದಕ್ಕೆ ಬಾಗಿ ಮಾತು ಮುಂದುವರಿಸಿದರು.